ಬಂದ ರೈಲೆಲ್ಲ ಸರಿಯಾದ ಹೊತ್ತಿಗೆ

ಓಲ್ಶಿನಿಯ ಸಿಗ್ನಲ್ ಕೋಣೆಯಲ್ಲಿ ಹದಿಮೂರು ಸನ್ನೆಗೋಲು.
ಕಬ್ಬಿಣದ ಒಲೆ, ಎನಾಮೆಲ್ ಲೋಟ, ಮಸಿ ಹಿಡಿದ ಕಿಟಕಿಯಾಚೆ
ಪೋಲೆಂಡಿನ ಆ ಮೂಲೆಯ ಹಿಮ.
ನನಗೆ ಹತ್ತೊಂಬತ್ತು. ತರ್ಕ ಕಲಿಯಲು ಬಂದವನಲ್ಲ,
ಸಂಬಳಕ್ಕೆ ಬಂದವನು.

"ನಾಲ್ಕನೆಯದನ್ನು ಎಳೆ" ಎಂದಳು ಬೊಗುಮಿಲಾ.
ಎಳೆದೆ. ಜಗ್ಗಲಿಲ್ಲ. ಗೋಡೆಗೆ ಕಾಲು ಕೊಟ್ಟು ಎಳೆದೆ.
ಅವಳು ಉಪ್ಪುಮೀನಿನ ಮುಳ್ಳು ಬಿಡಿಸುತ್ತ ಕೂತಿದ್ದಳು.
"ಎರಡು ಬೀಳದೆ ನಾಲ್ಕು ಏಳದು.
ನಾಲ್ಕು ಎದ್ದಿದೆಯೆಂದರೆ ಎರಡು ಬಿದ್ದಿದೆ ಅಂತಲೇ.
ಎರಡು ಬಿದ್ದ ಮಾತ್ರಕ್ಕೆ
ನಾಲ್ಕು ಏಳಲೇಬೇಕೆಂದೇನೂ ಇಲ್ಲ.
ಇಷ್ಟು ತಿಳಿಯದವನು ಎರಡು ರೈಲಿಗೆ ಮುತ್ತಿಡಿಸುತ್ತಾನೆ."

ಬೀಟ್‌ರೂಟ್ ಗಾಡಿಯ ಕಾಲಿಕ್ಸ್ಟ್‌ಗೆ ಇದು ತಿಳಿಯದು.
ಗೇಟು ಬಿದ್ದಿದೆ, ಅಂದಮೇಲೆ ರೈಲು ಬರುತ್ತದೆ
ಎಂದು ಮುಕ್ಕಾಲು ಗಂಟೆ ಕಾದ.
ರೈಲು ಬಂದರೆ ಗೇಟು ಬೀಳುತ್ತದೆ, ನಿಜ.
ಆ ದಿನ ಬಿದ್ದದ್ದು ತಂತಿಗೆ ಮಂಜು ಕಟ್ಟಿ.
ಅವನ ಕುದುರೆ ಮಾತ್ರ
ಏನನ್ನೂ ತೀರ್ಮಾನಿಸದೆ ನಿಂತಿತ್ತು.

ಗೋಡೆಯ ಮೇಲೊಂದು ನಿಯಮ:
ಕುಡಿದಿದ್ದರೆ ಅಥವಾ ನಿದ್ದೆಗೆಟ್ಟಿದ್ದರೆ ಕೆಲಸಕ್ಕೆ ಬರಕೂಡದು.
ನಾನು ಎರಡೂ ಆಗಿ ಬಂದ ಸೋಮವಾರ
ಆ "ಅಥವಾ" ನನ್ನನ್ನು ಬಿಡಲಿಲ್ಲ.
ಕ್ಯಾಂಟೀನಿನ "ಸೂಪು ಅಥವಾ ಗಂಜಿ" ಬೇರೆ ಜಾತಿ,
ಅಲ್ಲಿ ಎರಡೂ ಕೇಳಿ ನೋಡು.

"ವಾರ್ಸಾ ಎಕ್ಸ್‌ಪ್ರೆಸ್ ಇಲ್ಲಿ ನಿಂತರೆ
ನಿನಗೆ ಹೊಸ ಬೂಟು" ಎಂದಿದ್ದಳು.
ಅದು ನಿಲ್ಲಲಿಲ್ಲ, ಹಿಮ ಎರಚಿ ಹೋಯಿತು.
ಮಾತು ತಪ್ಪಿದೆ ಎಂದು ಜಗಳಕ್ಕೆ ನಿಂತೆ.
"ಅತ್ತೆಗೆ ಮೀಸೆ ಬಂದರೆ ಮಾವ ಅನ್ನೋಣ. ಬಂತೇ?
ರೈಲು ನಿಂತು, ಬೂಟು ಕೊಡದಿದ್ದರೆ, ಆಗ ಸುಳ್ಳು.
ಉಳಿದ ಮೂರು ದಾರಿಯಲ್ಲೂ ನನ್ನ ಮಾತು ನಿಂತೇ ಇದೆ."
ಅವಳ ಮೇಲ್ದುಟಿಯ ಮೇಲೆ ನಿಜಕ್ಕೂ ನಾಲ್ಕು ಕೂದಲಿದ್ದವು.
ನಾನು ಹೇಳಲಿಲ್ಲ.
ಕ್ರಿಸ್‌ಮಸ್‌ಗೆ ಬೂಟು ಕೊಡಿಸಿದಳು, ರೈಲು ನಿಲ್ಲದೆಯೇ.
ಅದರಿಂದಲೂ ಮಾತಿಗೇನೂ ಭಂಗವಿಲ್ಲವಂತೆ.

ರಾತ್ರಿ ಪಾಳಿಯಲ್ಲಿ ಮಾತು ದೂರ ಹೋಗುತ್ತಿತ್ತು.
"ಪ್ರತಿ ರೈಲಿಗೂ ಕಾಯುವ ಒಬ್ಬರಾದರೂ ಇರುತ್ತಾರೆ" ಎಂದೆ.
ಬೆಳಗಿನದಕ್ಕೆ ಹಾಲಿನ ಕ್ಯಾನಿನವಳು,
ಮಧ್ಯಾಹ್ನದ್ದಕ್ಕೆ ಅಂಚೆಯವನು.
ಅವಳು ಒಲೆಗೆ ಕಲ್ಲಿದ್ದಲು ಸುರಿದು, ತಡೆದು,
"ಅದನ್ನೇ ತಿರುಗಿಸಿ ಹೇಳು:
ಒಬ್ಬರಿದ್ದಾರೆ, ಅವರು ಪ್ರತಿ ರೈಲಿಗೂ ಕಾಯುತ್ತಾರೆ."
ಪದಗಳು ಹೆಚ್ಚುಕಡಿಮೆ ಅವೇ. ಜಾಗ ಬದಲಾಯಿಸಿದವು, ಅಷ್ಟೆ.
ಇಬ್ಬರೂ ಕೊನೆಯ ಬೆಂಚಿನ ಕಡೆ ನೋಡಿದೆವು.
ಮುದುಕ ಝೆನೋಬಿಯುಶ್, ಟೋಪಿ ತೊಡೆಯ ಮೇಲೆ.

ಅವನ ತಂಗಿ ರೈಲು ಹತ್ತಿದಾಗ ನಾನಿನ್ನೂ ಹುಟ್ಟಿರಲಿಲ್ಲ.
ಯುದ್ಧದಲ್ಲಿ ಹೋದವರೆಲ್ಲ ಮರಳಿದರು ಎನ್ನುತ್ತಿತ್ತು ಊರು,
ಹಬ್ಬದ ದಿನ, ಗ್ಲಾಸು ಎತ್ತಿ.
ಆ "ಎಲ್ಲ"ವನ್ನು ಮುರಿಯಲು
ಯಾರೂ ಬರಲಿಲ್ಲ ಎಂದು ಸಾಧಿಸಬೇಕಿಲ್ಲ.
ಒಬ್ಬಳು ಬಾರದಿದ್ದರೆ ಸಾಕು.

ಆಮೇಲೆ ಮಾರ್ಗ ಮುಚ್ಚಿತು. ಹಳಿ ಕಿತ್ತು ಗುಜರಿಗೆ ಹಾಕಿದರು.

ನಿನ್ನೆ ಹೋಗಿದ್ದೆ. ನೆಲದಲ್ಲಿ ಹದಿಮೂರು ತೂತು,
ಮೊಳೆಗೆ ನೇತಾಡುವ ದಾಖಲೆ ಪುಸ್ತಕ, ಇಲಿ ತಿಂದು ಉಳಿದಷ್ಟು.
ಪೆನ್ಸಿಲ್ ನೆಕ್ಕಿ, ಅವಳು ಕಲಿಸಿದ ಹಾಗೆ ದಿನಾಂಕ ಹಾಕಿ ಬರೆದೆ:
ಇಂದು ಬಂದ ರೈಲೆಲ್ಲ ಸರಿಯಾದ ಹೊತ್ತಿಗೆ ಬಂದಿವೆ.
ಅಲ್ಲ ಎನ್ನುವವರು
ತಡವಾದ ಒಂದೇ ಒಂದನ್ನು ತಂದು ತೋರಿಸಲಿ.
ಕೆಳಗೆ ಇನ್ನೊಂದು ಸಾಲು:
ಇಂದು ಬಂದ ರೈಲೆಲ್ಲ ತಡ.
ಅದೂ ನಿಜ. ಬೊಗುಮಿಲಾ ಇದ್ದಿದ್ದರೆ
ಎರಡಕ್ಕೂ ಮೊಹರು ಒತ್ತುತ್ತಿದ್ದಳು.

ಬೆಂಚು ಅಲ್ಲೇ ಇತ್ತು. ಝೆನೋಬಿಯುಶ್ ಇಲ್ಲ.
ರೈಲೇ ಇಲ್ಲದ ಊರಲ್ಲಿ
ಪ್ರತಿ ರೈಲಿಗೂ ಕಾಯುವುದು ಯಾರಿಗೂ ಕಷ್ಟವಲ್ಲ.
ಬೇಲಿಯ ಮೇಲಿನ ಕಾಗೆಯೂ ಕಾಯುತ್ತದೆ, ಹಾರಿಹೋಗುತ್ತಲೇ.
ಕಷ್ಟವಿರುವುದು ಮೊದಲ ಪದದಲ್ಲಿ:
"ಒಬ್ಬರಿದ್ದಾರೆ."
ಅದು ನಿಜವಾಗಲು ಯಾರಾದರೂ ಇರಲೇಬೇಕು.

ಕತ್ತಲಾಗುವವರೆಗೆ ಕೂತಿದ್ದೆ,
ಟೋಪಿ ತೊಡೆಯ ಮೇಲೆ.